ಕೆಂಚಮ್ಮನ ಕುರಿ, ನಮ್ಮ ಟಗರು

ಕೊರೊನಾ ಲಾಕ್‌ಡೌನ್ ಮುಗಿದ ಮರುವರ್ಷ. ನಾನಾಗ ಹಿರಿಯೂರು ತಾಲ್ಲೂಕಿನ ಒಂದು ಪಶು ಚಿಕಿತ್ಸಾಲಯದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಕೆಲಸಕ್ಕೆ ಸೇರಿ ಇಪ್ಪತ್ತೇಳು ವರ್ಷವಾಗಿತ್ತು. ಹೊಸದುರ್ಗ, ಹೊಳಲ್ಕೆರೆಗಳಲ್ಲಿದ್ದಾಗ ಹೆಚ್ಚಾಗಿ ನೋಡಿದ್ದು ಹಸು, ಎಮ್ಮೆ. ಸೇವೆಯ ಕೊನೆಯ ವರ್ಷಗಳಲ್ಲಿ ಕುರಿಗಳೇ ನನ್ನ ಮುಖ್ಯ ರೋಗಿಗಳಾದವು. ಆ ವರ್ಷ ಒಂದು ಮಂದೆಯಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಸರಪಡದೆ, ನಡೆದ ಕ್ರಮದಲ್ಲೇ ಹೇಳುತ್ತೇನೆ.

ಆ ಮುಂಗಾರಿನಲ್ಲಿ ತಳಿ ಅಭಿವೃದ್ಧಿಯ ಒಂದು ಯೋಜನೆ ನಮ್ಮಲ್ಲಿಗೆ ಬಂತು. ನಮ್ಮ ಕಡೆಯ ಕುರಿಮರಿ ಹುಟ್ಟುವಾಗ ಎರಡೂವರೆಯಿಂದ ಮೂರು ಕೆಜಿ ತೂಗುತ್ತದೆ. ಹೊರಗಿನಿಂದ ತಂದ ದೊಡ್ಡ ತಳಿಯ ಟಗರನ್ನು ಕೂಡಿಸಿದರೆ ಮರಿ ದಪ್ಪವಾಗಿ ಹುಟ್ಟುತ್ತದೆ, ಬೇಗ ಬೆಳೆಯುತ್ತದೆ, ಮಾಂಸ ಹೆಚ್ಚು ಬರುತ್ತದೆ ಎನ್ನುವುದು ಯೋಜನೆಯ ತಿರುಳು. ನನ್ನ ವ್ಯಾಪ್ತಿಗೆ ಒಂದು ಟಗರು. ಅದನ್ನು ಯಾರ ಮಂದೆಗೆ ಬಿಡಬೇಕೆಂದು ನಾನೇ ಆರಿಸಬೇಕಿತ್ತು.

ಯಲ್ಲದಕೆರೆ ಕಡೆಗೆ ಹೋಗುವ ದಾರಿಯಲ್ಲಿ ಕುರಿ ಸಾಕುವವರ ಒಂದು ಚಿಕ್ಕ ಹಟ್ಟಿಯಿದೆ. ಅಲ್ಲಿನ ಕೆಂಚಮ್ಮನ ಮಂದೆಯನ್ನು ಆರಿಸಿದೆ. ಆಕೆಗೆ ಅರವತ್ತು ದಾಟಿತ್ತು. ಎಂಟನೆಯ ವಯಸ್ಸಿನಿಂದ ಕುರಿಯ ಹಿಂದೆ ನಡೆದವರು. ಕುರಿ ಕೂಡಿಹಾಕುವ ರೊಪ್ಪ ಚೊಕ್ಕಟವಾಗಿರುತ್ತಿತ್ತು. ಜಂತಿನ ಔಷಧಿ, ಲಸಿಕೆ ಯಾವುದನ್ನೂ ತಪ್ಪಿಸುತ್ತಿರಲಿಲ್ಲ. ಮಗ ರಂಗಪ್ಪ ನಲವತ್ತರ ಆಸುಪಾಸಿನವನು, ಪಿಯುಸಿ ಓದಿದ್ದ, ಅಕ್ಷರ ದುಂಡಗಿತ್ತು. ಯೋಜನೆಯ ದಾಖಲೆ ಪುಸ್ತಕ ಅಂಥವನ ಕೈಯಲ್ಲಿದ್ದರೆ ಒಳ್ಳೆಯದು ಎಂದುಕೊಂಡೆ. ಮಂದೆಯಲ್ಲಿ ಮೂವತ್ತಾರು ಹೆಣ್ಣು ಕುರಿಗಳಿಗೆ ಕಿವಿಯೋಲೆ ಹಾಕಿ ನಂಬರು ಕೊಟ್ಟೆವು.

ಟಗರು ಬಂದದ್ದು ಜೂನ್ ತಿಂಗಳ ಕೊನೆಯಲ್ಲಿ. ತೂಕ ತೊಂಬತ್ತೆರಡು ಕೆಜಿ. ಕೆಂಚಮ್ಮನ ಕುರಿಗಳು ಇಪ್ಪತ್ತೆಂಟರಿಂದ ಮೂವತ್ತೆರಡು ಕೆಜಿ. ಗಾಡಿಯಿಂದ ಇಳಿಸಿದಾಗ ಹಟ್ಟಿಯವರೆಲ್ಲ ಸುತ್ತ ನಿಂತರು. ಕೆಂಚಮ್ಮ ಟಗರಿನ ಸುತ್ತ ಒಂದು ಸುತ್ತು ಬಂದರು.

"ಏನ್ ಸಾರ್, ಟಗರು ತರ್ತೀನಿ ಅಂತ ಹೋಗಿ ಕರ ತಂದೀರಿ."

ನಮ್ಮ ಪಶು ಪರೀಕ್ಷಕ ನಾಗರಾಜ ಬಾಯಿಬಡುಕ. "ಕೊಂಬಿಲ್ಲ ಅಂತ ಬ್ಯಾಸ್ರ ಮಾಡ್ಕಬ್ಯಾಡ ಕಣಮ್ಮ. ನಿಮ್ಮ ಹಟ್ಟಿ ಅಳಿಯ ಅಂದ್ಕ. ಒಳ್ಳೆ ಮನೆತನದಿಂದ ಬಂದಾನೆ" ಎಂದ. ಅವತ್ತಿನಿಂದ ಆ ಟಗರಿಗೆ ಅಳಿಯ ಎಂದೇ ಹೆಸರಾಯಿತು.

ಕೆಂಚಮ್ಮ ನಗಲಿಲ್ಲ. ಹತ್ತಿರವಿದ್ದ ಒಂದು ಕುರಿಯನ್ನು ಹಿಡಿದು, ಅದರ ಸೊಂಟದ ಎರಡೂ ಮೂಳೆಗಳ ಮೇಲೆ ಹೆಬ್ಬೆರಳು, ತೋರುಬೆರಳು ಅಗಲಿಸಿ ಇಟ್ಟರು. ಅಷ್ಟಗಲಕ್ಕೆ ನಮ್ಮಲ್ಲಿ ಚೋಟು ಎನ್ನುತ್ತಾರೆ. "ಇದರ ಸೊಂಟ ಒಂದು ಚೋಟಿಲ್ಲ ಸಾರ್. ಆ ಗಂಡಿನ ಮರಿ ಇದರಾಗಿಂದ ಹೆಂಗೆ ಹೊರಕ್ ಬರ್ಬೇಕು?"

ನಾನು ನಕ್ಕೆ. "ಮರಿ ತಾಯಿ ಹೊಟ್ಟೆ ನೋಡ್ಕಂಡೇ ಬೆಳೆಯುತ್ತೆ ಕೆಂಚಮ್ಮ. ನೀವು ಹೆಣ್ಣು ಕೊಡೋರ ಹಂಗೆ ಗಂಡಿನ ಮೈಕಟ್ಟು ನೋಡ್ತಿದ್ದೀರಲ್ಲ" ಎಂದೆ. ಸುತ್ತ ನಿಂತವರೂ ನಕ್ಕರು. ನಾನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ತಾಯಿಯ ಗಾತ್ರ ಮರಿಯ ಬೆಳವಣಿಗೆಯನ್ನು ಒಂದಿಷ್ಟು ತಡೆಯುತ್ತದೆ. ಆದರೆ ಎಷ್ಟು ತಡೆಯುತ್ತದೆ ಎಂದು ನನಗೆ ತಿಳಿದಿರಲಿಲ್ಲ. ತಿಳಿಯದ ಇನ್ನರ್ಧವನ್ನು ನಗುವಿನಿಂದ ಮುಚ್ಚಿದೆ. ಆ ನಗುವಿನ ಬೆಲೆ ಆಮೇಲೆ ಗೊತ್ತಾಯಿತು.

ರಂಗಪ್ಪನಿಗೆ ಪುಸ್ತಕ ಕೊಟ್ಟು, 'ಟಗರು ಬಿಟ್ಟ ದಿನ' ಎಂಬ ಕಾಲಂನಲ್ಲಿ ಅವತ್ತಿನ ದಿನಾಂಕ ಬರೆಸಿದೆ. ಜೊತೆಗೆ ಒಂದು ಕರಪತ್ರ ಕೊಟ್ಟೆ. ಗಬ್ಬದ ಕೊನೆಯ ಆರು ವಾರ ಕುರಿಗೆ ದಿನವೂ ಮೆಕ್ಕೆಜೋಳದ ನುಚ್ಚು, ಹುರುಳಿ ಕೊಡಬೇಕೆಂದು ಅದರಲ್ಲಿತ್ತು. ಕರಪತ್ರದ ಆ ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು ಕೊಟ್ಟವನೂ ನಾನೇ.

ಕುರಿಯ ಗಬ್ಬ ನೂರೈವತ್ತು ದಿನದ ಹತ್ತಿರ. ನವೆಂಬರಿನ ಕೊನೆಯ ವಾರ, ಲೆಕ್ಕಕ್ಕೆ ಸರಿಯಾಗಿ, ಬೆಳಗ್ಗೆ ಹನ್ನೊಂದಕ್ಕೆ ರಂಗಪ್ಪನ ಫೋನು ಬಂತು. "ಸಾರ್, ಒಂದು ಕುರಿ ಎಳೆ ಬಿಸಿಲಿಂದ ತಿಣುಕ್ತಾ ಐತೆ. ಎರಡು ಕಾಲು ಕಾಣ್ತಾವೆ. ತಲೆ ಬರಾಕಿಲ್ಲ."

ನಾವು ತಲುಪಿದಾಗ ಹನ್ನೆರಡೂಕಾಲು. ಕುರಿ ಮಲಗಿತ್ತು. ಮರಿಯ ತಲೆ ಸೊಂಟದ ಮೂಳೆಯ ಬಾಯಲ್ಲಿ ಸಿಕ್ಕಿಕೊಂಡಿತ್ತು. ನನ್ನ ಕೈ ಒಳಗೆ ಹೋಗುವಷ್ಟು ಜಾಗವಿರಲಿಲ್ಲ. ಮರಿ ಆಗಲೇ ಸತ್ತಿತ್ತು. ತಾಯಿ ಒಂದೂವರೆಗೆ ಸತ್ತಿತು. ಮರಿಯನ್ನು ತೂಗಿದೆ. ಐದು ಕೆಜಿ ನಾನೂರು ಗ್ರಾಂ. ನಾಗರಾಜ ತಕ್ಕಡಿಯ ಮುಳ್ಳನ್ನು ಎರಡು ಸಲ ನೋಡಿದ. ಅವತ್ತು ಅವನು ತಮಾಷೆ ಮಾಡಲಿಲ್ಲ.

ಮರುದಿನ ಎರಡನೆಯದು ಹೀಗೆಯೇ ಹೋಯಿತು. ಅದರ ಮಾರನೆಯ ದಿನ ಮೂರನೆಯ ಕುರಿಗೆ ನೋವು ಶುರುವಾದಾಗ ನಾನು ಶಸ್ತ್ರಚಿಕಿತ್ಸೆಯ ಪೆಟ್ಟಿಗೆ ಹಿಡಿದೇ ಹೋಗಿದ್ದೆ. ರೊಪ್ಪದ ಪಕ್ಕದ ಕಟ್ಟೆಯ ಮೇಲೆ ಗೋಣಿಚೀಲ ಹಾಸಿ ಮಲಗಿಸಿ, ಎಡ ಪಕ್ಕೆಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಹೊಟ್ಟೆ ಕೊಯ್ದು ಮರಿ ತೆಗೆದೆ. ಮಧ್ಯಾಹ್ನ ಮೂರು ಗಂಟೆ. ಮರಿ ಐದು ಕೆಜಿ ನೂರು ಗ್ರಾಂ. ಬದುಕಿತ್ತು. ತಾಯಿಯೂ ಉಳಿಯಿತು. ಹೊಲಿಗೆ ಹಾಕುವಾಗ ಕೆಂಚಮ್ಮ ಕುರಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು.

"ಇನ್ನ ಎಷ್ಟು ಹೊಟ್ಟೆ ಕೊಯ್ತೀರಿ ಸಾರ್?" ಎಂದು ಕೇಳಿದರು. ಕೋಪವಿರಲಿಲ್ಲ. ಎಷ್ಟೆಂದು ತಿಳಿದುಕೊಳ್ಳುವುದಕ್ಕೇ ಕೇಳಿದಂತಿತ್ತು.

ಅದೇ ದಿನ ನೋವು ಬಂದ ನಾಲ್ಕನೆಯದಕ್ಕೆ ಕೆಂಚಮ್ಮ ನನ್ನನ್ನು ಸರಿಸಿ ತಾವೇ ಕುಳಿತರು. ಅವರ ಕೈ ಚಿಕ್ಕದು. ಸಾಬೂನು ನೀರಿನಲ್ಲಿ ಮೊಣಕೈವರೆಗೆ ತೊಳೆದು, ನೋವು ಬಂದಾಗ ಎಳೆದು, ನೋವು ನಿಂತಾಗ ಬಿಟ್ಟು, ಮುಕ್ಕಾಲು ಗಂಟೆ ತಾಳ್ಮೆಯಿಂದ ತಲೆ ತಿರುಗಿಸಿ ಮರಿಯನ್ನು ಹೊರತಂದರು. ಎರಡೂ ಉಳಿದವು. ನಾನು ಪಕ್ಕದಲ್ಲಿ ಲೋಟ ಹಿಡಿದು ನೀರು ಹಾಕುತ್ತಿದ್ದೆ.

ಉಳಿದದ್ದು ಮೂವತ್ತೆರಡು ಕುರಿ. ಎಲ್ಲಕ್ಕೂ ಅದೇ ಅಳಿಯನ ಮರಿ, ಎಲ್ಲಕ್ಕೂ ನನ್ನ ಕರಪತ್ರದ ಮೆಕ್ಕೆಜೋಳ. ಆ ಮನೆ ನಡೆಯುತ್ತಿದ್ದುದೇ ಈ ಮಂದೆಯಿಂದ. ಹೀಗೆಯೇ ಮುಂದುವರಿದರೆ ಅರ್ಧ ಮಂದೆ ಮಣ್ಣಿಗೆ ಹೋಗುತ್ತಿತ್ತು.

ಅವತ್ತು ಸಂಜೆ ಚಿತ್ರದುರ್ಗದಲ್ಲಿದ್ದ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿದೆ. ಅವರು ಹೇಳಿದ ದಾರಿ ನನಗೂ ಗೊತ್ತಿದ್ದದ್ದೇ. ಗಬ್ಬ ನೂರ ನಲವತ್ತೆರಡು ದಿನ ದಾಟಿದ ಮೇಲೆ ಡೆಕ್ಸಾಮೆಥಾಸೋನ್ ಎಂಬ ಚುಚ್ಚುಮದ್ದು ಕೊಟ್ಟರೆ ಸುಮಾರು ಎರಡು ದಿನದಲ್ಲಿ ಹೆರಿಗೆಯಾಗುತ್ತದೆ. ಕೊನೆಯ ವಾರದಲ್ಲಿ ಮರಿಗೆ ಕೂಡುವ ತೂಕ ಕೂಡುವುದಿಲ್ಲ, ತಾಯಿಗೆ ಹೆರಲು ಸುಲಭ. ಆದರೆ ದಿನ ತುಂಬುವ ಮೊದಲೇ ಗರ್ಭ ಇಳಿದರೆ ಮರಿಯ ಶ್ವಾಸಕೋಶ ಬಲಿತಿರುವುದಿಲ್ಲ. ಹುಟ್ಟಿದ ಮರಿ ಉಸಿರಾಡದೆ ಸಾಯುತ್ತದೆ.

"ದಿನ ಗಟ್ಟಿ ಐತೇನಪ್ಪ?" ಎಂದು ಅವರು ಕೇಳಿದರು.

"ಗಟ್ಟಿ ಐತೆ. ಪುಸ್ತಕ ಐತೆ" ಎಂದೆ.

ಲೆಕ್ಕ ಸ್ಪಷ್ಟವಿತ್ತು. ಟಗರು ಬಿಟ್ಟ ದಿನ ಪುಸ್ತಕದಲ್ಲಿದೆ. ಕುರಿ ಹದಿನೇಳು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಅಂದರೆ ಎಲ್ಲವೂ ಆ ದಿನದಿಂದ ಹದಿನೇಳು ದಿನದೊಳಗೆ ಕೂಡಿರಬೇಕು. ಮೊದಲ ನಾಲ್ಕು ಸರಿಯಾಗಿ ನೂರೈವತ್ತಕ್ಕೆ ಮರಿ ಹಾಕಿ ಪುಸ್ತಕ ನಿಜವೆಂದು ತೋರಿಸಿದ್ದವು. ಹಾಗಾದರೆ ಉಳಿದವೂ ಇನ್ನೆರಡು ವಾರದೊಳಗೆ ಬರುವವೇ. ಎರಡು ದಿನ ಬಿಟ್ಟು, ಹೊಟ್ಟೆ ದೊಡ್ಡದಿದ್ದ, ಆದ್ದರಿಂದ ಮೊದಲು ಕೂಡಿರಬೇಕಾದ ಇಪ್ಪತ್ತಕ್ಕೆ ಮೊದಲ ಕಂತಿನಲ್ಲಿ ಚುಚ್ಚುಮದ್ದು ಕೊಡುವುದೆಂದು ತೀರ್ಮಾನಿಸಿದೆ.

ಆ ಬೆಳಗ್ಗೆ ಎಂಟಕ್ಕೆ ಹಟ್ಟಿಯಲ್ಲಿದ್ದೆವು. ಕುರಿಗಳನ್ನು ಮೇಯಲು ಬಿಟ್ಟಿರಲಿಲ್ಲ. ನಾಗರಾಜ ಹದಿನೇಳನೆಯ ನಂಬರಿನ ಕುರಿಯನ್ನು ಮೊಣಕಾಲಿನ ನಡುವೆ ಹಿಡಿದು ನಿಂತ. ನಾನು ಮದ್ದು ತುಂಬಿಕೊಂಡೆ. ಕೆಂಚಮ್ಮ ರೊಪ್ಪದ ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು.

"ಇವಕ್ಕೆ ಬ್ಯಾಡ ಸಾರ್."

"ಯಾಕೆ ಕೆಂಚಮ್ಮ? ಆ ನಾಲ್ಕರ ಗತಿ ನೋಡಿದಿರಲ್ಲ."

"ಅವು ಬ್ಯಾರೆ, ಇವು ಬ್ಯಾರೆ."

"ಏನು ಬೇರೆ? ಅದೇ ಟಗರು, ಅದೇ ಮೇವು."

"ಅವ್ವಾ, ಸುಮ್ಕಿರು" ಎಂದ ರಂಗಪ್ಪ. ಆ ಮಾತು ಬೇಕಾದ್ದಕ್ಕಿಂತ ಬೇಗ ಬಂತು ಎಂದು ನನಗೆ ಅನ್ನಿಸಿತು. ಆದರೂ ಬಗ್ಗಿ ಕುರಿಯ ತೊಡೆಗೆ ಸೂಜಿ ಚುಚ್ಚಿದೆ.

"ನೀನ್ ಸುಮ್ಕಿರಲೇ" ಎಂದರು ಕೆಂಚಮ್ಮ. "ಅವು ನಾಲ್ಕು ಆಷಾಢದಾಗೆ ಕೂಡಿದ್ವು ಸಾರ್. ಅದ್ಕೇ ಕೆಟ್ವು. ಇವು ಶ್ರಾವಣದವು. ಇವಕ್ಕೇನಾಗಲ್ಲ."

ನನಗೆ ನಗು ಬಂತು. ಆಷಾಢದಲ್ಲಿ ಕೂಡಿದ್ದಕ್ಕೆ ಕುರಿ ಸತ್ತಿತಂತೆ. ಆ ನಗು ಗಂಟಲಿನವರೆಗೆ ಬಂದದ್ದು ನೆನಪಿದೆ. ಸೂಜಿ ಚರ್ಮದೊಳಗಿತ್ತು. ಹೆಬ್ಬೆರಳು ಸಿರಿಂಜಿನ ತುದಿಯ ಮೇಲಿತ್ತು. ಆಗ ಆ ಮಾತಿನ ಎರಡನೆಯ ಭಾಗ ತಲೆಗೆ ಹೊಕ್ಕಿತು. ಸೂಜಿಯನ್ನು ಹಾಗೆಯೇ ಹೊರಕ್ಕೆ ಎಳೆದೆ. ಒಂದು ಹನಿಯೂ ಒಳಗೆ ಹೋಗಿರಲಿಲ್ಲ.

"ಶ್ರಾವಣದವು ಅಂದ್ರೆ?"

ರಂಗಪ್ಪ ನೆಲ ನೋಡುತ್ತಿದ್ದ. ನಾಗರಾಜನ ಕಾಲಿನ ನಡುವಿನ ಕುರಿ ಮಾತ್ರ ಒದ್ದಾಡುತ್ತಿತ್ತು.

"ಹೇಳಪ್ಪ ರಂಗಪ್ಪ. ನಾನು ಬಯ್ಯೋದಿಲ್ಲ."

ಅವನು ಹೇಳಿದ್ದಿಷ್ಟು. ಟಗರು ಬಂದದ್ದು ಆಷಾಢ ಹುಟ್ಟಿದ ಮಾರನೆಯ ದಿನ. ಇಳಿಸಿದ ದಿನ ಮತ್ತು ಅದರ ಮರುದಿನ ಬೆದೆಯಲ್ಲಿದ್ದ ನಾಲ್ಕು ಕುರಿಗಳನ್ನು ಅದು ಕೂಡಿತು. ಅಷ್ಟರಲ್ಲಿ ಕೆಂಚಮ್ಮ ಅದನ್ನು ಹಿಡಿದು ಹಿತ್ತಿಲ ಹುಣಸೆ ಮರಕ್ಕೆ ಕಟ್ಟಿದರು. ನಮ್ಮ ಕಡೆ ಹೊಸದಾಗಿ ಮದುವೆಯಾದ ಹುಡುಗಿಯನ್ನು ಆಷಾಢದಲ್ಲಿ ತವರಿಗೆ ಕರೆತರುತ್ತಾರೆ, ಗಂಡ ಹೆಂಡತಿ ಆ ತಿಂಗಳು ಜೊತೆಯಲ್ಲಿರುವುದಿಲ್ಲ. ಹಟ್ಟಿಯವರೆಲ್ಲ ಅಳಿಯ, ಅಳಿಯ ಎಂದು ಕರೆಯುತ್ತಿದ್ದ ಟಗರಿಗೂ ಕೆಂಚಮ್ಮ ಅದೇ ಕಟ್ಟಳೆ ಮಾಡಿದ್ದರು. ಭೀಮನ ಅಮಾವಾಸ್ಯೆ ಕಳೆದ ಮಾರನೆಯ ದಿನ, ಶ್ರಾವಣದ ಮೊದಲ ದಿನ, ಹಗ್ಗ ಬಿಚ್ಚಿ ಮಂದೆಗೆ ಬಿಟ್ಟರು. ನಡುವೆ ಇಪ್ಪತ್ತಾರು ದಿನ ಟಗರು ಕಟ್ಟಿದಲ್ಲೇ ಇತ್ತು.

"ನಾನು ಬಂದಾಗ ಮಂದೆಯಲ್ಲೇ ಇತ್ತಲ್ಲ?"

"ನಿಮ್ ಬೈಕಿನ ಸದ್ದು ಕೇಳಿದ್ ಕೂಡ್ಲೆ ಬಿಚ್ತಿದ್ವಿ ಸಾರ್. ನೀವು ಹೋದ ಮ್ಯಾಲೆ ಕಟ್ತಿದ್ವಿ."

"ಪುಸ್ತಕದಲ್ಲಿ ಯಾಕೆ ಬರೆಯಲಿಲ್ಲ?"

ರಂಗಪ್ಪ ತಲೆ ಎತ್ತಿದ. "ಏನಂತ ಬರೀಲಿ ಸಾರ್? ಆಷಾಢಕ್ಕೆ ಟಗರು ಕಟ್ಟಿವ್ನಿ ಅಂತ ಬರೀಲಾ? ಸೊಂಟ ಅಳೆದಿದ್ದಕ್ಕೇ ನೀವು ಅವತ್ತು ನಕ್ಕಿದ್ರಿ."

ಆ ಮಾತು ನನ್ನ ಮೈಯೊಳಗೆ ಎಲ್ಲಿ ತಾಗಿತೆಂದು ಈಗಲೂ ಬೆರಳಿಟ್ಟು ತೋರಿಸಬಲ್ಲೆ. ಲೆಕ್ಕ ಹಾಕಿದೆ. ಹದಿನೇಳನೆಯ ನಂಬರಿನ ಕುರಿಗೆ ನಾನು ಕಡಿಮೆಯೆಂದರೂ ನೂರ ನಲವತ್ತೈದು ದಿನವೆಂದು ತಿಳಿದಿದ್ದೆ. ನಿಜವಾಗಿ ಅದಕ್ಕೆ ಹೆಚ್ಚೆಂದರೆ ನೂರ ಇಪ್ಪತ್ತಾರು. ಆ ಬೆಳಗ್ಗೆ ಇಪ್ಪತ್ತು ಕುರಿಗಳಿಗೆ ಮದ್ದು ಹೋಗಿದ್ದರೆ ಇಪ್ಪತ್ತು ಮರಿಗಳನ್ನು ನಾನೇ ಕೈಯಾರೆ ಕೊಂದಂತಾಗುತ್ತಿತ್ತು. ಸಿರಿಂಜನ್ನು ಖಾಲಿ ಮಾಡಿ ಪೆಟ್ಟಿಗೆಗೆ ಹಾಕಿದೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಹೆರಿಗೆ ಹತ್ತಿರವಾದ ಕುರಿಯ ಕೆಚ್ಚಲು ತುಂಬಿ ಬಿಗಿಯಾಗುತ್ತದೆ. ಹದಿನೇಳರ ಕೆಚ್ಚಲು ಹಾಗಿರಲಿಲ್ಲ. ಅದನ್ನು ನಾನು ನೋಡಿದ್ದೆ. ನೋಡಿಯೂ, ಇದು ತಡವಾಗಿ ಕೆಚ್ಚಲು ಬಿಡುವ ಕುರಿಯಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಪುಸ್ತಕ ಕೈಯಲ್ಲಿದ್ದಾಗ ಕಣ್ಣು ಪುಸ್ತಕದ ಪರವಾಗಿ ಸಾಕ್ಷಿ ಹೇಳುತ್ತದೆ.

ಕೆಂಚಮ್ಮನ ಕಾರಣ ತಪ್ಪಾಗಿತ್ತು. ಕುರಿಗಳು ಸತ್ತದ್ದು ಆಷಾಢದಿಂದಲ್ಲ, ಮರಿಯ ಗಾತ್ರದಿಂದ. ಉಳಿದವಕ್ಕೆ ಏನೂ ಆಗುವುದಿಲ್ಲ ಎಂಬುದೂ ತಪ್ಪು. ಆದರೆ ಆ ತಪ್ಪು ಕಾರಣ ನಮಗೆ ಇಪ್ಪತ್ತಕ್ಕೂ ಹೆಚ್ಚು ದಿನ ಉಳಿಸಿಕೊಟ್ಟಿತ್ತು. ಮರಿಯ ತೂಕದ ದೊಡ್ಡ ಪಾಲು ಕೂಡುವುದೇ ಕೊನೆಯ ದಿನಗಳಲ್ಲಿ. ಈಗಲೂ ಮೇವು ಕಡಿಮೆ ಮಾಡಿದರೆ ಮರಿ ಹಿಡಿತಕ್ಕೆ ಬರಬಹುದು. ಸುಸ್ತಾಗಿ ಬಂದಿದ್ದವನಿಗೆ ಒಮ್ಮೆಗೇ ಮೈಯಲ್ಲಿ ಕಸುವು ತುಂಬಿತು. ರೊಪ್ಪದ ಕಲ್ಲಿನ ಮೇಲೆ ಕುಳಿತು, ನಾಗರಾಜನ ಹತ್ತಿರ ಹೊಸ ನೋಟ್‌ಬುಕ್ ತರಿಸಿದೆ.

"ಕೆಂಚಮ್ಮ, ಯಾವ ಕುರಿ ಯಾವ ದಿನ ಕೂಡಿತು, ನೆನಪಿದೆಯಾ?"

"ನೆನಪಿಲ್ದೆ ಏನ್ ಸಾರ್? ಒಂದೊಂದೇ ಹಿಡಿದು ತರ್ರಿ, ಹೇಳ್ತೀನಿ. ನಿಮ್ ನಂಬರು ನಂಗೆ ಗೊತ್ತಾಗಲ್ಲ. ಮುಖ ನೋಡ್ಬೇಕು."

ನಾಗರಾಜ ಒಂದೊಂದನ್ನೇ ಹಿಡಿದು ತಂದ. ಕೆಂಚಮ್ಮ ಮುಖ ನೋಡಿ ಹೇಳುತ್ತಾ ಹೋದರು. ಇದು ಹಗ್ಗ ಬಿಚ್ಚಿದ ದಿನವೇ. ಇದು ನಾಗರ ಪಂಚಮಿಯ ಹಿಂದಿನ ದಿನ. ಇದು ಹರಿಯಬ್ಬೆಯ ಬೀಗರು ಬಂದು ಊಟ ಮಾಡದೆ ಹೋದ ದಿನ. ಇವೆರಡು ಮೊಮ್ಮಗಳನ್ನು ಸಿರಿಗೆರೆ ಬಸ್ಸು ಹತ್ತಿಸಿದ ದಿನ. ಇದು ರಂಗಪ್ಪ ಮೊಬೈಲನ್ನು ನೀರಿನ ತೊಟ್ಟಿಗೆ ಬೀಳಿಸಿಕೊಂಡ ದಿನ.

"ಅದನ್ನ ಯಾಕೆ ಹೇಳ್ತೀಯವ್ವಾ" ಎಂದ ರಂಗಪ್ಪ.

"ಡಾಕ್ಟ್ರು ಬರ್ಕಳ್ಳಿ ಬಿಡು. ಸರ್ಕಾರಕ್ಕೂ ಗೊತ್ತಾಗ್ಲಿ."

ಐದು ದಿನದಿಂದ ಆ ರೊಪ್ಪದಲ್ಲಿ ಯಾರೂ ನಕ್ಕಿರಲಿಲ್ಲ. ಅವತ್ತು ರಂಗಪ್ಪನೂ ನಕ್ಕ.

ಅವರು ಹೇಳಿದ ಪ್ರತಿಯೊಂದು ದಿನವನ್ನೂ ನಾನು ಪರೀಕ್ಷಿಸಿದೆ. ಹಬ್ಬಗಳು ಕ್ಯಾಲೆಂಡರಿನಲ್ಲಿದ್ದವು. ಮೊಬೈಲ್ ರಿಪೇರಿಯ ಚೀಟಿ ರಂಗಪ್ಪನ ಜೇಬಿನ ಡೈರಿಯಲ್ಲಿತ್ತು. ಸಿರಿಗೆರೆಯ ಹಾಸ್ಟೆಲಿನಲ್ಲಿದ್ದ ಮೊಮ್ಮಗಳಿಗೆ ಫೋನ್ ಮಾಡಿಸಿ, ಅವಳು ಹೋದ ದಿನಾಂಕ ಕೇಳಿದೆವು. ಎಲ್ಲವೂ ಒಂದು ದಿನದ ಹೆಚ್ಚು ಕಡಿಮೆಯಿಲ್ಲದೆ ಕೂಡಿಕೊಂಡವು. ಮೂರು ಕುರಿಗಳ ಮುಖವನ್ನು ಮಾತ್ರ ಕೆಂಚಮ್ಮ ಬಹಳ ಹೊತ್ತು ನೋಡಿ, "ಇವು ನಾನಿಲ್ದಾಗ ಕೂಡಿರ್ಬೇಕು. ಗೊತ್ತಿಲ್ಲ ಸಾರ್" ಎಂದರು. ಆ ಮೂರಕ್ಕೆ ಗೊತ್ತಿಲ್ಲ ಎಂದದ್ದರಿಂದಲೇ ಉಳಿದ ಇಪ್ಪತ್ತೊಂಬತ್ತನ್ನು ನಾನು ಪೂರ್ತಿ ನಂಬಿದೆ.

ಅವತ್ತಿನಿಂದಲೇ ಮೆಕ್ಕೆಜೋಳವನ್ನು ಅರ್ಧಕ್ಕೆ ಇಳಿಸಿದೆವು. ಪೂರ್ತಿ ನಿಲ್ಲಿಸುವಂತಿಲ್ಲ. ಗಬ್ಬದ ಕುರಿಗೆ ಒಮ್ಮೆಲೇ ಹಸಿವಾದರೆ ಅದೂ ಕಾಯಿಲೆಯೇ. ರೊಪ್ಪದಲ್ಲೇ ಕೂಡಿಹಾಕಿ ಮೇವು ಹಾಕುತ್ತಿದ್ದವರು ಮತ್ತೆ ದಿನವೂ ಕಾವಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ ನಡೆಸತೊಡಗಿದರು. ಆಮೇಲೆ ನಾನು ಕೆಂಚಮ್ಮನಿಗೆ ಇನ್ನೊಂದು ಕೇಳಿದೆ. ಐದು ತಿಂಗಳ ಹಿಂದೆಯೇ ಕೇಳಬೇಕಿದ್ದ ಪ್ರಶ್ನೆ ಅದು.

"ಸೊಂಟ ಅಳೆದು ಹೇಳಿ. ಯಾವುದಕ್ಕೆ ಕಷ್ಟ ಆಗಬಹುದು?"

ಅವರು ನನ್ನ ಮುಖ ನೋಡಿದರು. ತಮಾಷೆಯಿಲ್ಲವೆಂದು ಗೊತ್ತಾದ ಮೇಲೆ ಎದ್ದರು. ಮೂವತ್ತೆರಡರ ಮೇಲೂ ಚೋಟು ಇಟ್ಟು, ಒಂಬತ್ತನ್ನು ಬೇರೆ ಮಾಡಿದರು. ನಾನು ಟೇಪು ಹಿಡಿದು ಅಳೆದೆ. ಆ ಒಂಬತ್ತರ ಸೊಂಟ ಉಳಿದವಕ್ಕಿಂತ ಕಿರಿದಾಗಿತ್ತು. ಆ ಒಂಬತ್ತಕ್ಕೆ ಮಾತ್ರ, ಅವರು ಹೇಳಿದ ದಿನದಿಂದ ನೂರ ನಲವತ್ನಾಲ್ಕಕ್ಕೆ, ಚುಚ್ಚುಮದ್ದು ಕೊಡುವುದೆಂದು ಇಬ್ಬರೂ ಒಪ್ಪಿದೆವು.

ಡಿಸೆಂಬರಿನ ಕೊನೆಯಲ್ಲಿ ಮೊದಲ ಮೂರಕ್ಕೆ ಮದ್ದು ಕೊಟ್ಟೆ. ಮಾರನೆಯ ದಿನವೆಲ್ಲ ಫೋನಿನ ಹತ್ತಿರವೇ ಇದ್ದೆ. ಅದರ ಮಾರನೆಯ ಬೆಳಗ್ಗೆ ಹತ್ತಕ್ಕೆ ನಮ್ಮೆದುರಿಗೇ ಹದಿನೇಳನೆಯ ನಂಬರು ಮಲಗಿತು. ನೀರಿನ ಚೀಲ ಒಡೆಯಿತು. ಇಪ್ಪತ್ತು ನಿಮಿಷಕ್ಕೆ ಎರಡು ಗೊರಸು, ಅದರ ಮೇಲೆ ಮೂಗು. ಯಾರೂ ಕೈ ಹಾಕಲಿಲ್ಲ. ಕೆಂಚಮ್ಮ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದರು. ಕುರಿ ಎರಡು ಸಲ ತಿಣುಕಿತು, ಮೂರನೆಯ ಸಲಕ್ಕೆ ಮರಿ ಪೂರ್ತಿ ಹೊರಗೆ ಜಾರಿತು. ಜಾರಿದ ಮರಿ ಅಲುಗಲಿಲ್ಲ.

ನಾನು ಎಣಿಸಿದ್ದು ಎಂಟು ಸೆಕೆಂಡು. ಒಂಬತ್ತನೆಯದಕ್ಕೆ ಮರಿ ಸೀನಿತು.

"ಸೀನ್ತು ಕಣ್ರಿ" ಎಂದ ನಾಗರಾಜ, ಬೇರೆ ಯಾರಿಗೂ ಕೇಳಿಸಿರಲಿಕ್ಕಿಲ್ಲ ಎನ್ನುವಂತೆ. ತೂಕ ಮೂರು ಕೆಜಿ ಒಂಬೈನೂರು. ತಾಯಿ ತಿರುಗಿ ಮರಿಯನ್ನು ನೆಕ್ಕತೊಡಗಿತು. ಕೆಂಚಮ್ಮ ನೆಲದ ಮೇಲೆ ಕುಳಿತೇಬಿಟ್ಟರು. "ಕುಂತ್ಕಳ್ರಿ ಸಾರ್, ನೀವೂ ಕುಂತ್ಕಳ್ರಿ" ಎಂದರು. ಸಗಣಿ, ಗಂಜಲ ಯಾವುದನ್ನೂ ನೋಡದೆ ಕುಳಿತೆ.

ಮುಂದಿನ ಇಪ್ಪತ್ತೊಂದು ದಿನ ಆ ಹಟ್ಟಿಯ ದಾರಿ ನನ್ನ ಬೈಕಿಗೇ ಗೊತ್ತಾಗಿಹೋಗಿತ್ತು. ಒಂದೇ ದಿನ ಐದು ಮರಿ ಹುಟ್ಟಿದ್ದೂ ಉಂಟು. ಮೂವತ್ತೆರಡರಲ್ಲಿ ಇಪ್ಪತ್ತೇಳು ಯಾರ ಸಹಾಯವೂ ಇಲ್ಲದೆ ಮರಿ ಹಾಕಿದವು. ನಾಲ್ಕಕ್ಕೆ ಕೆಂಚಮ್ಮನ ಕೈ ಬೇಕಾಯಿತು. ಮರಿಗಳಲ್ಲಿ ಇಪ್ಪತ್ತೊಂಬತ್ತು ಉಳಿದವು.

ಒಂದು ತಾಯಿ ಹೋಯಿತು. ಕೆಂಚಮ್ಮ ಅದನ್ನು ಬಿಳಿಮೂತಿ ಎಂದು ಕರೆಯುತ್ತಿದ್ದರು. ಅದು ಅವರು ಬೇರೆ ಮಾಡಿದ ಒಂಬತ್ತರಲ್ಲಿ ಇರಲಿಲ್ಲ. ಸೊಂಟ ಸಾಕಷ್ಟು ಅಗಲವಿತ್ತು, ಮರಿ ಅದಕ್ಕೂ ಮೀರಿ ಬೆಳೆದಿತ್ತು. ನಾನು ತಲುಪುವಷ್ಟರಲ್ಲಿ ಕೊಯ್ದು ತೆಗೆಯುವ ಕಾಲ ಮೀರಿತ್ತು. ಆ ಮಧ್ಯಾಹ್ನ ಕೆಂಚಮ್ಮ ಹುಣಸೆ ಮರದ ಕೆಳಗೆ ಕುಳಿತು ಮಾತಾಡಿದರು. ಎದುರಿಗೆ ಅಳಿಯ ಟಗರು ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿತ್ತು.

"ಇದರ ತಪ್ಪೇನಿಲ್ಲ ಬಿಡ್ರಿ. ಇದನ್ನೂ ಯಾರೋ ಹಿಂಗೆ ಮಾಡ್ಯಾರೆ" ಎಂದರು. ಆಮೇಲೆ ಸತ್ತ ಕುರಿಯ ಕಡೆ ತಿರುಗಿ, "ನಾವು ಮರಿ ಮಾರಿ ತಿನ್ನೋರೇ ಸಾರ್. ಸಂತೆಗೆ ಹೊಡಿಯೋವಾಗ ನನ್ ಕೈ ನಡುಗಲ್ಲ. ಸುಳ್ಯಾಕೆ ಹೇಳ್ಲಿ? ಆದ್ರೆ ದೊಡ್ಡ ಮರಿ ಬೇಕು ಅಂದಿದ್ದು ನೀವು, ನಾನು, ಸಂತೇಲಿ ತಗಳ್ಳೋನು. ಹಡೆಯೋಳು ಇವಳೊಬ್ಬಳು. ಇವಳ್ನ ಯಾರೂ ಕೇಳ್ಲಿಲ್ಲ" ಎಂದರು.

ಕುರಿಯನ್ನು ಕೇಳಲಾಗುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಅದರ ಸೊಂಟ ಹೇಳಿತ್ತು, ಕೆಂಚಮ್ಮ ಅದನ್ನು ಬೆರಳಿಟ್ಟು ತೋರಿಸಿದ್ದರು. ಕೇಳಿಸಿಕೊಳ್ಳಬೇಕಾದವನು ನಗುತ್ತಿದ್ದ.

ಮಾರ್ಚಿನಲ್ಲಿ, ಆರ್ಥಿಕ ವರ್ಷದ ಕೊನೆಗೆ, ವರದಿ ಬರೆಯಬೇಕಾಯಿತು. ನಮೂನೆಯಲ್ಲಿ ಟಗರಿನ ತೂಕಕ್ಕೆ ಜಾಗವಿತ್ತು, ಮರಿಯ ತೂಕಕ್ಕೆ ಜಾಗವಿತ್ತು. ತಾಯಿಯ ಬಗ್ಗೆ ಇದ್ದದ್ದು ಕಿವಿಯ ನಂಬರು ಮಾತ್ರ. ನಾನು ಬೇರೆ ಹಾಳೆ ಲಗತ್ತಿಸಿ, ಸತ್ತ ಮೂರು ತಾಯಿಗಳ ಸೊಂಟದ ಅಳತೆ, ಮೇವಿನ ವಿಚಾರದಲ್ಲಿ ನಾನು ಕೊಟ್ಟ ಸಲಹೆ, ದಿನಾಂಕ ತಪ್ಪಿದ ಬಗೆ ಎಲ್ಲವನ್ನೂ ಬರೆದೆ. ಎರಡು ಸಲವಾದರೂ ಮರಿ ಹಾಕಿದ, ಸೊಂಟ ಅಗಲವಿರುವ ಕುರಿಗಳಿಗೆ ಮಾತ್ರ ಈ ಟಗರು ಬಿಡಬೇಕು ಎಂದು ಶಿಫಾರಸು ಮಾಡಿದೆ. ಮೇಲಿನವರೊಬ್ಬರು ಫೋನ್ ಮಾಡಿ, "ಟಗರು ಕಟ್ಟಿದ್ದನ್ನೆಲ್ಲ ಬರೀಬೇಕಿತ್ತೇನ್ರಿ?" ಎಂದು ಕೇಳಿದರು. ಬರೆಯಬೇಕಿತ್ತು ಎಂದೆ. ಅವರು ಹಾಳೆಯನ್ನು ಕಿತ್ತು ಹಾಕಲಿಲ್ಲ, ಅಷ್ಟು ಮಟ್ಟಿಗೆ ಅವರು ದೊಡ್ಡವರು.

ಮನುಷ್ಯ ತನಗಾಗಿ ಪ್ರಾಣಿಗಳನ್ನು ಹುಟ್ಟಿಸುವುದನ್ನು ಬಿಡುತ್ತಾನೆಂದು ನಾನು ನಂಬುವುದಿಲ್ಲ. ನಾನೂ ಅದೇ ಕೆಲಸದಲ್ಲಿ ಕೂದಲು ನರೆಸಿಕೊಂಡವನು. ಹುಟ್ಟಿಸುವ ಮೊದಲು, ಹೆರುವ ಮೈಗೆ ಅದು ಸಾಧ್ಯವೇ ಎಂದು ನೋಡುವುದು ನಮ್ಮ ಕೆಲಸದ ಮೊದಲ ಭಾಗ ಎಂದು ಆ ಮಂದೆ ನನಗೆ ಕಲಿಸಿತು. ಅದರ ಜೊತೆಗೇ ಇನ್ನೊಂದನ್ನು ಕಲಿತೆ. ನಾವು ಯಾರ ಮಾತಿಗೆ ನಗುತ್ತೇವೋ ಅವರು ಮುಂದಿನ ಸಲ ಆ ಮಾತನ್ನು ನಮ್ಮಿಂದ ಮುಚ್ಚಿಡುತ್ತಾರೆ. ಚಿಕಿತ್ಸೆಗೆ ಬೇಕಾದ ದಿನಾಂಕ ಅದರೊಳಗೇ ಇರಬಹುದು.

ಮರುವರ್ಷ ಕೆಂಚಮ್ಮ ಅಳಿಯನನ್ನು ವಾಪಸು ಕೊಡಲಿಲ್ಲ. ತಾವೇ ಚೋಟು ಹಾಕಿ ಹನ್ನೊಂದು ಕುರಿಗಳನ್ನು ಅದಕ್ಕೆ ಆರಿಸಿಟ್ಟರು, ಉಳಿದವಕ್ಕೆ ತಮ್ಮ ಹಳೆಯ ಟಗರು. ಜ್ಯೇಷ್ಠದ ಅಮಾವಾಸ್ಯೆಯ ಮಾರನೆಯ ದಿನ ಬೆಳಗ್ಗೆ ಅವರ ಫೋನು ಬಂತು. ರಂಗಪ್ಪನ ಕೈಯಿಂದ ಮೊಬೈಲ್ ಕಿತ್ತುಕೊಂಡು ಮಾತಾಡುತ್ತಿದ್ದುದು ಕೇಳಿಸುತ್ತಿತ್ತು.

"ಸಾರ್, ಇವತ್ತಿಂದ ಆಷಾಢ. ಟಗರು ಕಟ್ಟಿವ್ನಿ. ಒಂದ್ನೂ ಮುಟ್ಟಿಲ್ಲ. ಬರ್ಕಳ್ರಿ."

ಬರೆದುಕೊಂಡೆ.